ಕೊನೆಯ ಹದಿನಾರು ಪುಟ

ಅಪ್ಪನ ಬಲಗೈಯನ್ನು ಎಡಗೈ ಮೇಲೆ ಇಟ್ಟು ಅತ್ತೆ ಒಂದು ಹೆಜ್ಜೆ ಹಿಂದೆ ಸರಿದಳು. ಅಮ್ಮ ಮುಂದೆ ಬಂದು ಎಡಗೈಯನ್ನು ಮೆಲ್ಲಗೆ ಹೊರಗೆಳೆದು ಬಲಗೈ ಮೇಲಿಟ್ಟಳು. ಬೆಳಗಿನಿಂದ ಇದು ಮೂರನೆಯ ಸಲ.

"ನೋಡೋಕೆ ಚೆನ್ನಾಗಿರಲ್ಲ ಅತ್ತಿಗೆ. ನಾಲ್ಕು ಜನ ಬಂದು ಹೋಗ್ತಾರೆ," ಎಂದಳು ಅತ್ತೆ.

"ಎಂಬತ್ತೊಂದು ವರ್ಷ ಎಡಗೈಯಲ್ಲೇ ಉಂಡು, ಎಡಗೈಯಲ್ಲೇ ಬರೆದು, ಎಡಗೈಯಲ್ಲೇ ಹೊಲಿದ ಮನುಷ್ಯ. ಇವತ್ತೊಂದು ದಿನ ನಿನಗೋಸ್ಕರ ಬಲಗೈಯವರಾಗ್ಬೇಕಾ?"

ಬಾಗಿಲ ಬಳಿ ಕುರ್ಚಿಗಳನ್ನು ಬಿಡಿಸಿ ಹಾಕುತ್ತಿದ್ದ ಮಗಳಿಗೆ ನಗು ಬಂತು. ಸಾವಿನ ಮನೆ ಎಂದು ನೆನಪಾಗಿ ತುಟಿ ಕಚ್ಚಿಕೊಂಡಳು. ಆದರೆ ಅದು ಸಾವಿನ ಮನೆ ಅನ್ನುವುದಕ್ಕಿಂತ ಬೈಂಡಿಂಗ್ ಅಂಗಡಿಯಾಗಿಯೇ ಇತ್ತು. ಅಪ್ಪ ಮಲಗಿದ್ದುದು ಐವತ್ತು ವರ್ಷ ತಾನೇ ಪುಸ್ತಕ ಹೊಲಿದ ಉದ್ದನೆಯ ಮೇಜಿನ ಮೇಲೆ. ಅದರ ಮೇಲಿದ್ದ ಶಾಲೆಯ ಹಾಜರಿ ಪುಸ್ತಕಗಳನ್ನು ರಾತ್ರೋರಾತ್ರಿ ಮೂಲೆಗೆ ಒಟ್ಟಿದ್ದಾಯಿತು. ಕತ್ತರಿಸುವ ಯಂತ್ರದ ಮೇಲೆ ಯಾರೋ ಬಟ್ಟೆ ಹೊದಿಸಿದ್ದರು. ಅಂಟಿನ ವಾಸನೆಗೆ ಮಾತ್ರ ಏನನ್ನೂ ಹೊದಿಸುವಂತಿರಲಿಲ್ಲ.

ಅಪ್ಪ ಹೋದ ದುಃಖ ಅವಳಿಗೆ ಇರಲಿಲ್ಲವೆಂದಲ್ಲ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಚಿಂತೆ ಕೂತಿತ್ತು. ಮೇಜಿನ ಖಾನೆಯಲ್ಲಿ ಕಂದು ಕಾಗದದ ಒಂದು ಲಕೋಟೆ, ನಾಲ್ಕೂ ಕಡೆ ದಾರದಿಂದ ಹೊಲಿದದ್ದು. ಅದರೊಳಗೆ ಹದಿನಾರು ಪುಟ. ಇವತ್ತು ಇಬ್ಬರು ಮುದುಕರು ಬಂದು ಅದನ್ನು ಕೇಳುತ್ತಾರೆ. ಕೊಡಬೇಕೋ ಬೇಡವೋ ಅವಳಿಗೆ ಗೊತ್ತಿರಲಿಲ್ಲ. ಅಪ್ಪನೂ ಹೇಳಿ ಹೋಗಿರಲಿಲ್ಲ.

ಅತ್ತೆ ಹತ್ತಿರ ಬಂದು ದನಿ ತಗ್ಗಿಸಿದಳು. "ಆ ಜೈಲಿನವರು ಬರ್ತಾರೇನೇ?"

"ಬರ್ತಾರೆ ಅತ್ತೆ."

"ಹಿಂದಿನ ಸಾಲಲ್ಲಿ ಕೂರಿಸು. ಯಾರಾದ್ರೂ ಕೇಳಿದ್ರೆ ಹಳೇ ಗಿರಾಕಿಗಳು ಅನ್ನು."

ಅವಳು ಹಾಗೆ ಹೇಳಿ ಬಾಯಿ ಮುಚ್ಚುವುದರೊಳಗೆ ಹೊರಗೆ ಆಟೊ ನಿಂತಿತು. ಊರುಗೋಲು ಹಿಡಿದ ತೆಳ್ಳನೆಯ ಮುದುಕ ಮೊದಲು ಇಳಿದು, ಒಳಗಿದ್ದ ದಪ್ಪನೆಯ ಮುದುಕನಿಗೆ ಕೈ ಕೊಟ್ಟ. ಯಾರು ಯಾರನ್ನು ಎಳೆದರೋ ತಿಳಿಯಲಿಲ್ಲ, ಇಬ್ಬರೂ ಹೇಗೋ ನೆಲದ ಮೇಲೆ ನಿಂತರು. ತೆಳ್ಳಗಿನವನು ಜಡ್ಜ್. ಸೈಕಲ್ ಕದ್ದು ಕದ್ದು, ಅಷ್ಟೂ ಸಲ ನ್ಯಾಯಾಧೀಶರ ಮುಂದೆ ನಿಂತು ಕಾನೂನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಕ್ಕೆ ಜೈಲಿನಲ್ಲಿ ಸಿಕ್ಕ ಬಿರುದು. ದಪ್ಪಗಿನವನು ಡ್ರೈವರ್. ಅವನು ಲಾರಿ ಬಿಟ್ಟು ಇಪ್ಪತ್ತು ವರ್ಷವಾಗಿದ್ದರೂ ಹೆಸರು ಬಿಟ್ಟಿರಲಿಲ್ಲ.

ಇಬ್ಬರೂ ಹಿಂದಿನ ಸಾಲಿನ ಕಡೆ ತಿರುಗಿಯೂ ನೋಡದೆ ನೇರ ಮೇಜಿನ ಹತ್ತಿರ ಹೋದರು.

"ಏನೋ ಎಡಚ," ಎಂದ ಜಡ್ಜ್, ಅಪ್ಪನ ಕೆನ್ನೆ ತಟ್ಟಿ. "ಸಾಲಲ್ಲಿ ನಾನು ಮುಂದಿದ್ದೆ ಕಣೋ. ನಡುವೆ ನುಗ್ಗಿಬಿಟ್ಯಲ್ಲ."

ಡ್ರೈವರ್ ಅಪ್ಪನ ಎಡಗೈಯನ್ನು ಒಮ್ಮೆ ಒತ್ತಿ ಹಿಡಿದ. ಆಮೇಲೆ ಅಂಗಿಯ ತೋಳಿಂದ ಕಣ್ಣೊರೆಸಿಕೊಂಡು, ಇಡೀ ಅಂಗಡಿಗೆ ಕೇಳುವಂತೆ, "ಎಲ್ಲಿ ಮಗಳೇ ನಮ್ಮ ಕೊನೇ ಹದಿನಾರು? ಇವನು ಮಾತು ಕೊಟ್ಟಿದ್ದ. ಇವತ್ತು ಓದಿಸ್ಬೇಕು," ಎಂದ.

"ಹೌದು, ಓದಿಸ್ಬೇಕು. ಬಿಡೋ ಮಾತೇ ಇಲ್ಲ," ಎಂದು ಜಡ್ಜ್ ಊರುಗೋಲನ್ನು ನೆಲಕ್ಕೆ ಕುಟ್ಟಿದ.

"ಮಣ್ಣು ಮಾಡೋ ಹೊತ್ತಿಗೆ ಓದೋಣ ಮಾವ," ಎಂದುಬಿಟ್ಟಳು ಮಗಳು. ಬೇರೆ ಏನೂ ತೋಚಲಿಲ್ಲ.

*

ಅಪ್ಪ ಜೈಲಿಗೆ ಹೋಗುವ ತನಕ ಒಂದು ಪುಸ್ತಕವನ್ನೂ ಓದಿದವನಲ್ಲ. ಸಾವಿರಗಟ್ಟಲೆ ಹೊಲಿದಿದ್ದ, ಅಷ್ಟೇ. ಓದುತ್ತಾ ಕೂತರೆ ಹೊಲಿಯುವವರು ಯಾರು ಎಂಬುದು ಅಂಗಡಿ ಯಜಮಾನನ ಕಾನೂನು.

ಅಲ್ಲಿಗೆ ಒಂದು ದಿನ ಅಧಿಕಾರದಲ್ಲಿದ್ದವರನ್ನು ಬೈದ ಕಿರುಪುಸ್ತಕವೊಂದು ಬಂತು. ಬರೆದವರು ಊರು ಬಿಟ್ಟಿದ್ದರು. ಪೊಲೀಸರು ಬಂದಾಗ ಮುದ್ರಿಸಿದವರೂ ಯಜಮಾನನೂ ಹಿತ್ತಲ ಗೋಡೆ ಹಾರಿ ಕಾಲಿಗೆ ಬುದ್ಧಿ ಹೇಳಿದರು. ಎಡಚ ಮಾತ್ರ ಸೂಜಿ ಹಿಡಿದು ಕೂತಿದ್ದ.

"ಇದರಲ್ಲಿ ಏನಿದೆ ಗೊತ್ತೇನೋ?" ಎಂದು ಇನ್‌ಸ್ಪೆಕ್ಟರ್ ಗದರಿಸಿದರು.

"ನಲವತ್ತು ಪುಟ ಇದೆ ಸಾರ್. ಎರಡು ಹೊಲಿಗೆ."

ಆ ಉತ್ತರಕ್ಕೆ ಎರಡು ವರ್ಷ ನಾಲ್ಕು ತಿಂಗಳು ಬಿತ್ತು. ಅದೇ ಪುಸ್ತಕದ ಕಟ್ಟುಗಳನ್ನು ಈರುಳ್ಳಿ ಚೀಲಗಳ ಕೆಳಗೆ ಸಾಗಿಸಿದ್ದಕ್ಕೆ ಡ್ರೈವರಿಗೂ ಅಷ್ಟೇ ಬಿತ್ತು. ಕೆಳಗೆ ಏನಿದೆಯೆಂದು ಅವನಿಗೂ ಗೊತ್ತಿರಲಿಲ್ಲ. ಜಡ್ಜ್ ಆ ಕೋಣೆಯ ಹಳೆಯ ನಿವಾಸಿ. ಬಂದವರಿಗೆ ಚಾಪೆ ಹಾಸುವ ಜಾಗ ತೋರಿಸಿ, "ನಿರಪರಾಧಿಗಳು ಆ ಕಡೆ, ಅಪರಾಧಿ ಈ ಕಡೆ. ಗಾಳಿ ಈ ಕಡೆ ಬರುತ್ತೆ," ಎಂದಿದ್ದನಂತೆ.

ಏಳನೆಯ ತಿಂಗಳು ಡ್ರೈವರ್ ಗೋಡೆ ಕಡೆ ಮುಖ ಮಾಡಿ ಮಲಗಿದ. ಮನೆಯಿಂದ ಕಾಗದ ಬರುವುದು ನಿಂತಿತ್ತು. ಮೊದಲು ಮಾತು ಬಿಟ್ಟ, ಆಮೇಲೆ ಊಟ ಬಿಟ್ಟ. ತಟ್ಟೆ ಹೇಗೆ ಬರುತ್ತಿತ್ತೋ ಹಾಗೇ ವಾಪಸ್ಸು ಹೋಗುತ್ತಿತ್ತು. ಜಡ್ಜ್ ಕಾನೂನು ಹೇಳಿ ನೋಡಿದ, ಕಾಲು ಹಿಡಿದು ನೋಡಿದ. ಯಾವುದೂ ನಡೆಯಲಿಲ್ಲ.

ಎಡಚ ಏನು ಮಾಡಬೇಕೆಂದು ತೋಚದೆ ಜೈಲಿನ ಬೀರುವಿನಿಂದ ಒಂದು ಪುಸ್ತಕ ಕೇಳಿ ತಂದ. ಕೈಗೆ ಕೆಲಸವಿಲ್ಲದೆ ಅವನಿಗೂ ಹುಚ್ಚು ಹಿಡಿಯುವಂತಾಗಿತ್ತು. ಅದೊಂದು ಕಾದಂಬರಿ. ನದಿಯಲ್ಲಿ ದೋಣಿ ನಡೆಸುವ ಹೆಂಗಸೊಬ್ಬಳ ಕತೆ. ಮನಸ್ಸಿನಲ್ಲೇ ಓದಿಕೊಳ್ಳುವುದು ಅವನಿಗೆ ಅಭ್ಯಾಸವಿರಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟು, ಒಂದನೇ ತರಗತಿಯವನ ಹಾಗೆ ಗಟ್ಟಿಯಾಗಿ ಓದಿದ. ದಿನಕ್ಕೊಂದು ಅಧ್ಯಾಯ.

ನದಿ ದಾಟಿಸುವ ಗುತ್ತಿಗೆಯೆಲ್ಲ ತನಗೇ ಬೇಕೆನ್ನುವ ಗುತ್ತಿಗೆದಾರನೊಬ್ಬ ದೋಣಿಯವಳಿಗೆ ಶತ್ರು. ಅವಳ ಹಳೆಯ ದೋಣಿಯನ್ನು ಸುಟ್ಟವನು ಅವನೇ. ನಾಲ್ಕನೆಯ ಅಧ್ಯಾಯದಲ್ಲಿ ಅವಳು ಕದ್ದುಮುಚ್ಚಿ ಹೊಸ ದೋಣಿ ಕಟ್ಟುತ್ತಾಳೆ. ಗುತ್ತಿಗೆದಾರನ ಕಡೆಯವರು ಹುಡುಕುತ್ತಾ ಅಂಗಳಕ್ಕೇ ಬರುತ್ತಾರೆ. ಅಲ್ಲಿಗೆ ಎಡಚ ಪುಸ್ತಕ ಮುಚ್ಚಿದ.

ಗೋಡೆ ಕಡೆಯಿಂದ ದನಿ ಬಂತು. "ಆಮೇಲೆ?"

ಎಡಚನಿಗೆ ಒಳಗೊಳಗೇ ಖುಷಿಯಾಯಿತು. ಆದರೆ ಮುಖ ಗಂಟು ಹಾಕಿಕೊಂಡ. "ಆಮೇಲಿಂದು ನಾಳೆ. ಅದೂ ತಟ್ಟೆ ಖಾಲಿ ಮಾಡಿದವರಿಗೆ ಮಾತ್ರ."

"ಏನಯ್ಯಾ ಇದು ಅನ್ಯಾಯ?"

"ಕಾನೂನು," ಎಂದ ಜಡ್ಜ್ ತಕ್ಷಣ.

ಡ್ರೈವರ್ ಎದ್ದು ಕೂತು, ಬೈಯುತ್ತಲೇ ಉಂಡ. ಅವತ್ತಿನಿಂದ ಒಂದು ಹೊತ್ತೂ ಬಿಡಲಿಲ್ಲ. ಬರಬರುತ್ತಾ ಪಕ್ಕದ ಕೋಣೆಗಳವರೂ ಕಂಬಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದರು. ಕಾವಲಿನವನೂ ಬೀಗದ ಗೊಂಚಲು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದು ನಿಲ್ಲುತ್ತಿದ್ದ. ಅಧ್ಯಾಯ ಚಿಕ್ಕದಾಗಿದ್ದ ದಿನ ಎಲ್ಲರೂ ಎಡಚನನ್ನೇ ಬೈಯುತ್ತಿದ್ದರು, ಅವನೇ ಬರೆದ ಹಾಗೆ.

ಕೊನೆಯ ಅಧ್ಯಾಯದಲ್ಲಿ ಪ್ರವಾಹ ಬಂತು. ಗುತ್ತಿಗೆದಾರ ಕಾಯಿಲೆಯ ಮಗುವನ್ನು ಎತ್ತಿಕೊಂಡು ಬಂದು ದೋಣಿಯವಳ ಬಾಗಿಲಿಗೆ ಬಿದ್ದ. ಅವಳು ಇಬ್ಬರನ್ನೂ ಕೂರಿಸಿಕೊಂಡು ಹೊರಟಳು. ನಡುನೀರಿನಲ್ಲಿ ಹಗ್ಗ ಕಿತ್ತುಹೋಯಿತು. ಹುಟ್ಟು ಕೈಜಾರಿತು. ಎಡಚ ಉಸಿರು ಬಿಗಿಹಿಡಿದು ಪುಟ ತಿರುಗಿಸಿ ಅದೇ ದನಿಯಲ್ಲಿ ಓದಿದ.

"ಕೋಳಿಗೆ ನೆಗಡಿಯಾದಾಗ ಮೊದಲು ಅದನ್ನು ಮಿಕ್ಕ ಕೋಳಿಗಳಿಂದ ಬೇರೆ ಮಾಡಿ, ಗಾಳಿ ಬೆಳಕು ಬರುವ ಒಣ ಜಾಗದಲ್ಲಿ ಇಡಬೇಕು. ಮೂಗಿನ ಹೊಳ್ಳೆಗಳನ್ನು ಉಗುರುಬೆಚ್ಚಗಿನ ನೀರಿನಿಂದ..."

"ದೋಣಿಯಲ್ಲಿ ಕೋಳಿ ಎಲ್ಲಿತ್ತು?" ಎಂದು ಕಾವಲಿನವನು ಕೇಳಿದ. ಡ್ರೈವರ್ ಮೊದಲು ನಕ್ಕ. ಎಂಟು ತಿಂಗಳಲ್ಲಿ ಮೊದಲ ಸಲ. ಆಮೇಲೆ ಇಡೀ ಸಾಲಿನ ಕೋಣೆಗಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕವು.

ಕೋಳಿ ಸಾಕಣೆಯ ಕೈಪಿಡಿಯೊಂದರ ಹದಿನಾರು ಪುಟ ಕಾದಂಬರಿಯ ಕೊನೆಯ ಹದಿನಾರು ಪುಟದ ಜಾಗದಲ್ಲಿ ಕೂತುಬಿಟ್ಟಿತ್ತು. ನಗು ನಿಂತ ಮೇಲೆ ಎಡಚ ಪುಸ್ತಕವನ್ನು ಬಗ್ಗಿಸಿ ಹೊಲಿಗೆ ನೋಡಿದ. ಗಂಟು ಎಡಕ್ಕಿತ್ತು. ಊರಿನಲ್ಲಿ ಗಂಟನ್ನು ಎಡಕ್ಕೆ ಹಾಕುವವನು ಒಬ್ಬನೇ. ಒಂದೇ ವಾರ ಎರಡು ಪುಸ್ತಕ ಮೇಜಿನ ಮೇಲಿದ್ದವು, ಒಂದೇ ಅಳತೆ, ಒಂದೇ ಕಾಗದ. ಓದದೆ ಹೊಲಿದಿದ್ದ.

ವಾರವಿಡೀ ಬಾಯಿಗೆ ಬೀಗ ಹಾಕಿಕೊಂಡಿದ್ದು, ಕೊನೆಗೆ ತಡೆಯಲಾರದೆ ಒಪ್ಪಿಕೊಂಡ. ಜಡ್ಜ್ ಚಾಪೆ ಮಡಿಸಿ ಅದರ ಮೇಲೆ ಕೂತು ವಿಚಾರಣೆ ನಡೆಸಿದ. "ಈ ಜೈಲಿಗೆ ಬಂದ ಮೇಲೆ ನಾನು ನೋಡಿದ ಮೊದಲನೇ ನಿಜವಾದ ಅಪರಾಧ ಇದು," ಎಂದು ತೀರ್ಪು ಕೊಟ್ಟ. ಶಿಕ್ಷೆಯೆಂದರೆ ದಿನವೂ ಒಂದು ಹೊಸ ಮುಕ್ತಾಯ ಹೇಳಬೇಕು.

ಉಳಿದ ಒಂದೂವರೆ ವರ್ಷ ಅವರು ದೋಣಿಯವಳನ್ನು ನೂರಾರು ಸಲ ದಡ ಸೇರಿಸಿದರು. ಎಡಚನಿಗೆ ಸಾಕಾದ ದಿನ ಮಿಕ್ಕವರು ಹೇಳುತ್ತಿದ್ದರು. ಡ್ರೈವರಿನ ಮುಕ್ತಾಯದಲ್ಲಿ ಅವಳು ಕಿತ್ತ ಹಗ್ಗವನ್ನು ಹಲ್ಲಿನಿಂದ ಹಿಡಿಯುತ್ತಿದ್ದಳು. ಜಡ್ಜ್ ಹೇಳಿದ ಮುಕ್ತಾಯದಲ್ಲಿ ನಡುನೀರಿನಲ್ಲೇ ಗುತ್ತಿಗೆದಾರನಿಂದ ಕಾಗದಕ್ಕೆ ಸಹಿ ಹಾಕಿಸಿಕೊಂಡು ಆಮೇಲೆ ಈಜುತ್ತಿದ್ದಳು.

*

ಮಗಳು ಹಿತ್ತಲಿನ ನಲ್ಲಿಯಲ್ಲಿ ಲೋಟ ತೊಳೆಯುತ್ತಿದ್ದಾಗ ಹಿಂದೆ ಊರುಗೋಲಿನ ಸದ್ದಾಯಿತು. ಜಡ್ಜ್ ಬಾಗಿಲ ಕಡೆ ಒಮ್ಮೆ ನೋಡಿಕೊಂಡು ಹತ್ತಿರ ಬಂದ. ಸೈಕಲ್ ಕದಿಯುವಾಗಲೂ ಹೀಗೇ ನೋಡುತ್ತಿದ್ದನೇನೋ.

"ಮಗಳೇ, ಆ ಹದಿನಾರು ಪುಟ ಓದ್ಬೇಡ."

"ಈಗ ತಾನೇ ಓದ್ಲೇಬೇಕು ಅಂದ್ರಲ್ಲ ಮಾವ?"

"ಅದು ಡ್ರೈವರ್ ಎದುರಿಗೆ. ನಂಗೆ ಗೊತ್ತು ಕಣಮ್ಮಾ ಅದರಲ್ಲೇನಿದೆ ಅಂತ. ಜೈಲಿಂದ ಬಂದ ಮಾರನೇ ವರ್ಷನೇ ಓದಿದೀನಿ." ಅವನ ಮುಖ ಕೆಂಪಾಯಿತು. "ಸೈಕಲ್ ಬಿಟ್ಟು ಇನ್ನೇನೂ ಕದ್ದವನಲ್ಲ ನಾನು. ಅದೊಂದು ಪುಸ್ತಕ ಮಾತ್ರ, ಲೈಬ್ರರಿಯಿಂದ. ಓದಿ, ಅಲ್ಲೇ ವಾಪಸ್ ಇಟ್ಟೆ."

"ಅಪ್ಪನಿಗೆ ಹೇಳ್ಲಿಲ್ವಾ?"

"ಹೇಗೆ ಹೇಳ್ಲಿ? ಡ್ರೈವರ್ ಇದಾನಲ್ಲ, ಅವನು ಆ ಹೆಂಗಸನ್ನ ನಂಬಿಕೊಂಡು ಬದುಕಿದವನು. ಹೆಂಡತಿ ಹೋಗಿ ಇನ್ನೂ ವರ್ಷ ಆಗಿಲ್ಲ. ಇವತ್ತು ಗೆಳೆಯನೂ ಹೋದ. ಅವಳೂ ಮುಳುಗಿದ್ಲು ಅಂದ್ರೆ ಅವನು ತಡ್ಕೊಳ್ಳಲ್ಲ."

ಹೇಳಿದವನೇ ಲೋಟವೊಂದರಲ್ಲಿ ನೀರು ಹಿಡಿದುಕೊಂಡು, ಅದಕ್ಕೇ ಬಂದವನ ಹಾಗೆ ಕುಡಿಯುತ್ತಾ ಒಳಗೆ ಹೋದ.

*

ಆ ಕಾದಂಬರಿಯ ಸರಿಯಾದ ಪ್ರತಿ ಅಪ್ಪನ ಕೈಗೆ ಬಂದಾಗ ಮಗಳಿಗೆ ಹನ್ನೆರಡು ವರ್ಷ. ಯಾರೋ ಹೊಸ ರಟ್ಟು ಹಾಕಿಸಲು ತಂದಿದ್ದರು. ಅಪ್ಪ ಹಳೆಯ ಹೊಲಿಗೆ ಬಿಚ್ಚಿ, ಕೊನೆಯ ಹದಿನಾರು ಪುಟಗಳನ್ನು ಕಿಟಕಿಯ ಬಳಿ ಹಿಡಿದು ನಿಂತೇ ಓದಿದ್ದು ಅವಳಿಗೆ ಚೆನ್ನಾಗಿ ನೆನಪಿದೆ. ಆಮೇಲೆ ಕೂತು, ಎಡಗೈಯಲ್ಲಿ ಅಷ್ಟನ್ನೂ ನಕಲು ಮಾಡಿಕೊಂಡ. ಲಕೋಟೆಗೆ ಹಾಕಿ ಹೊಲಿದ. ಮೂರು ದಿನ ಅಂಗಡಿಯಲ್ಲಿ ಸೀಟಿ ಹಾಕಲಿಲ್ಲ.

ಬಿಡುಗಡೆಯಾದ ದಿನ ಬಂತೆಂದರೆ ಪ್ರತಿ ವರ್ಷವೂ ಮೂವರು ಇದೇ ಮೇಜಿನ ಸುತ್ತ ಸೇರುತ್ತಿದ್ದರು. ಕೋಳಿಯ ಪಾಠವನ್ನು ಒಟ್ಟಿಗೆ ಬಾಯಿಪಾಠ ಒಪ್ಪಿಸಿ, ದೋಣಿಯವಳನ್ನು ಇನ್ನೊಂದು ಹೊಸ ರೀತಿಯಲ್ಲಿ ದಡ ಸೇರಿಸಿ ಎದ್ದುಹೋಗುತ್ತಿದ್ದರು. ಅಪ್ಪ ಎಲ್ಲರಿಗಿಂತ ಜೋರಾಗಿ ವಾದ ಮಾಡುತ್ತಿದ್ದ.

ಗುಟ್ಟು ಹೊರಬಿದ್ದದ್ದು ಡ್ರೈವರಿಗೆ ಎದೆಯ ಆಪರೇಷನ್ ಆದಾಗ. ಅವನು ಮತ್ತೆ ಗೋಡೆ ಕಡೆ ತಿರುಗಿ ಮಲಗಿದ್ದ. ಅಪ್ಪ ಆಸ್ಪತ್ರೆಯ ಮಂಚದ ಪಕ್ಕ ಕೂತು, "ಕೊನೇ ಹದಿನಾರು ಪುಟ ನನ್ನ ಹತ್ರ ಇದೆ ಕಣೋ. ಎದ್ದು ಬಂದ್ರೆ ಓದ್ತೀನಿ," ಎಂದುಬಿಟ್ಟ. ಡ್ರೈವರ್ ಎದ್ದು ಬಂದ. ಆಗ ಅಪ್ಪ ತಲೆ ಕೆರೆದುಕೊಂಡು, "ನಾನು ಹೋದ ದಿನ ಬನ್ನಿ, ಮಗಳು ಓದ್ತಾಳೆ. ಅಲ್ಲೀವರೆಗೆ ಇಬ್ರೂ ಸಾಯೋ ಹಾಗಿಲ್ಲ," ಎಂದು ಹೊಸ ಕಾನೂನು ಮಾಡಿದ.

ಹೋದ ವಾರ ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು ನಿಜ ಹೇಳಿದ್ದ. "ಅವಳು ಮುಳುಗ್ತಾಳೆ ಮಗಾ. ಮಗು ಉಳಿಯುತ್ತೆ, ಆ ಗುತ್ತಿಗೆದಾರನೂ ಉಳೀತಾನೆ. ಕೊನೇ ಪುಟದಲ್ಲಿ ನದಿ ದಾಟಿಸೋ ಗುತ್ತಿಗೆ ಅವನದೇ ಆಗುತ್ತೆ. ಬರೆದವರ ತಪ್ಪಿಲ್ಲ, ಚೆನ್ನಾಗೇ ಬರೆದಿದಾರೆ. ಆದ್ರೆ ನಾನು ಸರಿಯಾಗಿ ಹೊಲಿದಿದ್ರೆ ಜೈಲಲ್ಲೇ ಅದನ್ನ ಓದಿರ್ತಿದ್ದೆ. ಮಾರನೇ ದಿನ ಡ್ರೈವರ್ ತಟ್ಟೆ ಮುಟ್ತಿರ್ಲಿಲ್ಲ." ಸ್ವಲ್ಪ ದಣಿವಾರಿಸಿಕೊಂಡು ನಕ್ಕಿದ್ದ. "ಇಷ್ಟು ವರ್ಷದಲ್ಲಿ ನಾನು ಮಾಡಿದ ಒಳ್ಳೇ ಕೆಲಸ ಅದೊಂದೇ ಇರ್ಬೇಕು, ಆ ತಪ್ಪು."

"ಈಗ ನಾನೇನು ಮಾಡ್ಲಿ ಅಪ್ಪ? ಅವರು ಬಂದು ಕೇಳ್ತಾರೆ."

"ನೀನೇ ನೋಡ್ಕೋ. ನಾನಂತೂ ಇರಲ್ಲ," ಎಂದು ಆರಾಮಾಗಿ ಕಣ್ಣು ಮುಚ್ಚಿದ್ದ.

*

ಶವದ ವಾಹನದಲ್ಲಿ ಮಗಳ ಪಕ್ಕದ ಜಾಗ ಡ್ರೈವರಿಗೆ ಸಿಕ್ಕಿತು. ಅಮ್ಮ, ಅತ್ತೆ, ಜಡ್ಜ್ ಹಿಂದಿನ ಕಾರಿನಲ್ಲಿದ್ದರು. ಡ್ರೈವರ್ ಮೊದಲು ಹೊಸ ಹುಡುಗರ ಗೇರು ಬದಲಾಯಿಸುವ ರೀತಿಯನ್ನು ಟೀಕಿಸಿದ. ತಿರುವಿನಲ್ಲಿ ಪೆಟ್ಟಿಗೆಗೆ ಅಡ್ಡಲಾಗಿ ಕೈ ಇಟ್ಟ. ಆಮೇಲೆ ಗಂಟಲು ಸರಿಮಾಡಿಕೊಂಡ.

"ಮಗಳೇ, ಲಕೋಟೆ ತಂದಿದೀಯಾ?"

"ತಂದಿದೀನಿ ಮಾವ."

"ಬಿಚ್ಬೇಡ."

ಅವಳು ಅವನ ಮುಖ ನೋಡಿದಳು.

"ನನ್ನವಳು ಎಲ್ಲಿಂದ್ಲೋ ಆ ಪುಸ್ತಕ ತಂದು ಓದಿ ಹೇಳಿದ್ಲು, ಎಷ್ಟೋ ವರ್ಷ ಆಯ್ತು. ಓದಿ ಮುಗಿಸಿ ಅವಳೇ ಅತ್ಲು. ನಾನು ಅವತ್ತು ಊಟ ಬಿಡ್ಲಿಲ್ಲ ನೋಡು, ಎಡಚನಿಗೆ ಹೆದರಿ." ಡ್ರೈವರ್ ನಗಲು ಹೋಗಿ ಕೆಮ್ಮಿದ. "ನಂಗೇನೂ ಆಗಲ್ಲ. ಆದ್ರೆ ಜಡ್ಜ್ ಇದಾನಲ್ಲ, ಅವನು ಹೊರಗೆ ಗಟ್ಟಿ, ಒಳಗೆ ಮೆತ್ತಗೆ. ಅವಳು ದಡ ಸೇರಿದಾಳೆ ಅಂತಾನೇ ಇನ್ನೂ ಅಂದ್ಕೊಂಡಿದಾನೆ, ಪಾಪ. ಮನೇಲಿ ಒಬ್ನೇ ಇರೋನು. ಅವನ ಹತ್ರ ಇರೋದು ಅದೊಂದೇ."

"ಮತ್ತೆ ಎಲ್ಲರ ಎದುರಿಗೆ ಓದಿಸ್ಬೇಕು ಅಂತ ಕೂಗಿದ್ರಿ?"

"ಕೂಗ್ದೇ ಇದ್ರೆ ಅವನಿಗೆ ಅನುಮಾನ ಬರಲ್ವಾ?"

ಮಗಳು ಕಿಟಕಿಯ ಕಡೆ ತಿರುಗಿದಳು. ಮೂವರು ಗಂಡಸರು ಮೂವತ್ತು ವರ್ಷ, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ, ಮುಳುಗಿದ ಹೆಂಗಸೊಬ್ಬಳನ್ನು ನೀರಿನ ಮೇಲೆ ಎತ್ತಿ ಹಿಡಿದಿದ್ದರು. ಅಪ್ಪನಿಗೆ ಇದನ್ನು ಹೇಳಬೇಕು ಅಂದುಕೊಂಡಳು. ಹೇಳಲು ಅಪ್ಪ ಇಲ್ಲ ಎಂದು ಆಗ ಹೊಳೆದು, ಬೆಳಗಿನಿಂದ ತಡೆದ ಅಳು ಒಮ್ಮೆಲೇ ಬಂತು. ಡ್ರೈವರ್ ತನ್ನ ಕರವಸ್ತ್ರ ಕೊಟ್ಟ. ಅದಕ್ಕೆ ಇನ್ನೂ ಡೀಸೆಲ್ ವಾಸನೆ ಇತ್ತು.

ಮಣ್ಣು ಮಾಡುವ ಜಾಗದಲ್ಲಿ ಗುಂಡಿ ಸಿದ್ಧವಾಗಿತ್ತು. ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟು ಮುಚ್ಚಳ ತೆಗೆದರು. ದಾರಿಯಲ್ಲಿ ಅಪ್ಪನ ಕೈಗಳು ಕದಲಿರಲಿಲ್ಲ, ಎಡಗೈಯೇ ಮೇಲಿತ್ತು. ಅತ್ತೆ ಅದನ್ನು ನೋಡಿ, ಅಮ್ಮನ ಮುಖ ನೋಡಿ, ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಹತ್ತಿಪ್ಪತ್ತು ಜನ ಸುತ್ತ ನಿಂತರು. ಗಾಳಿ ಬೀಸುತ್ತಿತ್ತು.

"ಸರಿ ಮಗಳೇ, ಓದು," ಎಂದ ಜಡ್ಜ್ ಗಟ್ಟಿಯಾಗಿ. ಡ್ರೈವರಿನ ಬೆನ್ನ ಹಿಂದಿನಿಂದ ಅವಳಿಗೆ ಬೇಡ ಬೇಡವೆಂದು ತಲೆಯಾಡಿಸಿದ.

"ಹೂಂ, ಓದು," ಎಂದ ಡ್ರೈವರ್. ಅವನು ಕಣ್ಣಲ್ಲೇ ಬೇಡ ಅಂದ.

ಮಗಳು ಚೀಲದಿಂದ ಲಕೋಟೆ ತೆಗೆದಳು. ಗಂಟು ಎಡಕ್ಕಿತ್ತು. ದಾರವನ್ನು ಹರಿಯದೆ, ಅಪ್ಪ ಕಲಿಸಿದಂತೆ ಬಿಚ್ಚಿದಳು. ಒಳಗಿನ ಹಾಳೆಗಳ ಮೇಲೆ ಎಡಕ್ಕೆ ವಾಲಿದ ಅಕ್ಷರಗಳು. ಮೊದಲ ಸಾಲಿನಲ್ಲೇ ದೋಣಿಯವಳ ತಲೆ ನೀರಿನೊಳಗೆ ಹೋಗಿತ್ತು. ಮಗಳು ಆ ಸಾಲನ್ನು ಓದಿಕೊಂಡಳು. ತಲೆಯೆತ್ತಿದಳು. ಇಬ್ಬರು ಮುದುಕರೂ ಉಸಿರು ಬಿಗಿಹಿಡಿದು, ತನಗಲ್ಲ, ಪಕ್ಕದವನಿಗೆ ಏನಾಗುವುದೋ ಎಂದು ಕಾಯುತ್ತಿದ್ದರು.

ಅವಳು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ಸಾಲಿನ ಕೆಳಗೆ ಬೆರಳಿಟ್ಟಳು.

"ಕೋಳಿಗೆ ನೆಗಡಿಯಾದಾಗ," ಎಂದು ಓದಿದಳು, "ಮೊದಲು ಅದನ್ನು ಮಿಕ್ಕ ಕೋಳಿಗಳಿಂದ ಬೇರೆ ಮಾಡಿ, ಗಾಳಿ ಬೆಳಕು ಬರುವ ಒಣ ಜಾಗದಲ್ಲಿ ಇಡಬೇಕು."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇದ್ದಬದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡ್ರೈವರಿನ ಭುಜ ಕುಲುಕತೊಡಗಿತು.

"ಮೂಗಿನ ಹೊಳ್ಳೆಗಳನ್ನು," ಎಂದು ಜಡ್ಜ್ ಸೇರಿಕೊಂಡ, "ಉಗುರುಬೆಚ್ಚಗಿನ ನೀರಿನಿಂದ ಒರೆಸಬೇಕು."

"ಎರಡು ದಿನ ಮೆತ್ತಗಿನ ಆಹಾರ," ಎಂದ ಡ್ರೈವರ್. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಕಿವಿಯವರೆಗೆ ನಗುತ್ತಿತ್ತು. "ತಟ್ಟೆಯಲ್ಲಿ ಏನೂ ಉಳಿಯದಂತೆ ನೋಡಿಕೊಳ್ಳಬೇಕು."

"ಅದು ಪುಸ್ತಕದಲ್ಲಿ ಇಲ್ಲ ಕಣಯ್ಯಾ!" ಎಂದು ಜಡ್ಜ್ ಗದರಿದ.

"ಇದೆ. ಎಡಚ ಸೇರಿಸಿದ್ದು."

"ಹೆದರುವ ಅಗತ್ಯವಿಲ್ಲ," ಎಂದಳು ಅಮ್ಮ ಇದ್ದಕ್ಕಿದ್ದಂತೆ. ಇಷ್ಟು ವರ್ಷ ಅಡುಗೆಮನೆಯಿಂದ ಕೇಳಿ ಕೇಳಿ ಅವಳಿಗೂ ಬಂದಿತ್ತು. ಅಪ್ಪನ ಮುಖವನ್ನೇ ನೋಡುತ್ತಾ, ಮನೆಯಲ್ಲಿ ಮಾತಾಡುವ ದನಿಯಲ್ಲೇ ಮುಗಿಸಿದಳು. "ಮೂರನೆಯ ದಿನ ಕೋಳಿ ತಾನಾಗಿಯೇ ಎದ್ದು ಓಡಾಡುತ್ತದೆ."

ಮಗಳು ಹಾಳೆಗಳನ್ನು ಮಡಿಸಿ, ಲಕೋಟೆಗೆ ಹಾಕಿ, ಅಪ್ಪನ ಎಡಗೈ ಕೆಳಗೆ ಸರಿಸಿದಳು. ಅದನ್ನು ನೋಡಿದ ಮೇಲೆ ಇಬ್ಬರು ಮುದುಕರೂ ಒಟ್ಟಿಗೇ ಉಸಿರುಬಿಟ್ಟರು. ಬಿಟ್ಟು, ಒಬ್ಬರನ್ನೊಬ್ಬರು ನೋಡಿದರು. ಇನ್ನೊಬ್ಬ ಯಾಕೆ ಉಸಿರುಬಿಟ್ಟ ಎಂದು ಇಬ್ಬರೂ ಕೇಳಲಿಲ್ಲ. ಜಡ್ಜ್ ಡ್ರೈವರಿನ ತೋಳು ಹಿಡಿದುಕೊಂಡ.

ಮುಚ್ಚಳ ಹಾಕಿ ಪೆಟ್ಟಿಗೆಯನ್ನು ಇಳಿಸಿದರು. ಮೊದಲ ಹಿಡಿ ಮಣ್ಣು ಡ್ರೈವರಿನದಾಗಲಿ ಎಂದಳು ಅಮ್ಮ. ಅವನು ಕಷ್ಟಪಟ್ಟು ಬಗ್ಗಿ ಬಲಗೈಯಲ್ಲಿ ಮಣ್ಣು ತೆಗೆದುಕೊಂಡ. ಹಾಕುವ ಮುಂಚೆ ಏನೋ ನೆನಪಾಗಿ ನಿಂತ. ಮಣ್ಣನ್ನು ಎಡಗೈಗೆ ಬದಲಾಯಿಸಿಕೊಂಡು ಹಾಕಿದ. ಅವನ ಹಿಂದೆ ಜಡ್ಜ್ ಊರುಗೋಲನ್ನು ಬಲಗೈಗೆ ದಾಟಿಸಿ ಎಡಗೈಯಲ್ಲಿ ಹಾಕಿದ. ಅಮ್ಮ ಹಾಕಿದಳು, ಮಗಳು ಹಾಕಿದಳು. ಸಾಲಿನಲ್ಲಿದ್ದ ಗಿರಾಕಿಗಳೂ ಮುಂದಿನವರನ್ನು ನೋಡಿ ಹಾಗೇ ಮಾಡಿದರು.

ಕೊನೆಗೆ ಉಳಿದವಳು ಅತ್ತೆ. ಗುಂಡಿಯ ಅಂಚಿನಲ್ಲಿ ಬಲಗೈ ತುಂಬ ಮಣ್ಣು ಹಿಡಿದು ನಿಂತಿದ್ದಳು. ಕೆಳಗೆ ನೋಡಿದಳು, ಅತ್ತಿತ್ತ ನೋಡಿದಳು. ಆಮೇಲೆ ಬಳೆಗಳನ್ನು ಮೇಲೆ ಸರಿಸಿ, ಎಡಗೈಯನ್ನು ಮುಂದೆ ಚಾಚಿದಳು.